ಬುಖೆನ್‌ವಾಲ್ಡ್‌ನ ಕಲ್ಲು ಕ್ವಾರಿಯವರೆಗೆ

ಜರ್ಮನಿಯ ವೈಮರ್ ಸ್ಟೇಷನ್ನಿನ ಎದುರು ಆರನೇ ನಂಬರ್ ಬಸ್ ಹತ್ತಿದರೆ ಒಳಗೆಲ್ಲ ಹೈಸ್ಕೂಲ್ ಮಕ್ಕಳ ಗಲಾಟೆ. ಬೆಳಿಗ್ಗೆ ಕವಿ ಗಯಟೆಯ ಮನೆ ನೋಡಿಕೊಂಡು ಬಂದಿದ್ದೆ. ಅಲ್ಲಿಂದ ನಾಜಿಗಳ ಸೆರೆ ಶಿಬಿರವಾಗಿದ್ದ ಬುಖೆನ್‌ವಾಲ್ಡ್ ಎಂಟು ಕಿಲೋಮೀಟರ್ ಇದ್ದರೆ ಹೆಚ್ಚು. ಗುಡ್ಡ ಹತ್ತುವ ರಸ್ತೆಯನ್ನು ಕೈದಿಗಳ ಕೈಯಲ್ಲೇ ಹಾಕಿಸಿದ್ದು. ಅದಕ್ಕೆ ರಕ್ತದ ರಸ್ತೆ ಎಂದೇ ಹೆಸರು. ಇಳಿದ ಮೇಲೂ ಮಕ್ಕಳ ಗಲಾಟೆ ನಿಲ್ಲಲಿಲ್ಲ. ಹದಿನಾರರ ವಯಸ್ಸು, ಯಾರು ಏನು ಹೇಳುವುದು.

ಫ್ರಿಟ್ಸ್ ಕ್ಲೈನ್‌ಮನ್ ಇಲ್ಲಿಗೆ ಬಂದಾಗ ಅವನಿಗೂ ಹದಿನಾರೇ. ಅವನಿಗಾಗಿ, ಅವನ ಅಪ್ಪ ಗುಸ್ತಾವ್‌ಗಾಗಿಯೇ ನಾನು ಬಂದಿದ್ದು. ವಿಯೆನ್ನಾದಲ್ಲಿ ಗುಸ್ತಾವ್‌ನದು ಸೋಫಾ, ಕುರ್ಚಿಗಳ ಕುಶನ್ ಕೆಲಸ. ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾದ ಪರ ಹೋರಾಡಿ ಪದಕ ಪಡೆದಾತ. ಯಹೂದಿ ಅನ್ನುವುದಷ್ಟೇ ಸಾಕಾಯಿತು. 1939ರ ಅಕ್ಟೋಬರ್‌ನಲ್ಲಿ ಇಬ್ಬರನ್ನೂ ಇಲ್ಲಿಗೆ ತಂದು ಹಾಕಿದರು.

ಗೇಟಿನ ಗಡಿಯಾರ 3:15 ತೋರಿಸುತ್ತದೆ. 1945ರ ಏಪ್ರಿಲ್ 11ರಂದು ಶಿಬಿರ ಬಿಡುಗಡೆಯಾದ ಹೊತ್ತು ಅದು. ಕೆಳಗೆ ಕಬ್ಬಿಣದ ಬಾಗಿಲಲ್ಲಿ ‘ಅವರವರ ಪಾಲು ಅವರವರಿಗೆ’ ಎಂಬರ್ಥದ ಜರ್ಮನ್ ಅಕ್ಷರಗಳು. ಹೊರಗೆ ನಿಂತರೆ ಉಲ್ಟಾ, ಒಳಗಿನಿಂದ ಸರಿ. ಓದಬೇಕಾದವರು ಒಳಗಿದ್ದರಲ್ಲ!

ಬ್ಯಾರಕ್‌ಗಳು ಈಗಿಲ್ಲ, ಅವಿದ್ದ ಜಾಗದಲ್ಲಿ ಜಲ್ಲಿ ಹರವಿದ್ದಾರೆ. ಮೈದಾನದ ನೆಲದಲ್ಲಿ ಕೂರಿಸಿರುವ ಲೋಹದ ಫಲಕವೊಂದನ್ನು ವರ್ಷವಿಡೀ 37 ಡಿಗ್ರಿಯಲ್ಲಿ ಬೆಚ್ಚಗಿಡುತ್ತಾರೆ. ಕೈಗವಸು ತೆಗೆದು ಅಂಗೈ ಊರಿದೆ. ಜ್ವರ ಬಿಟ್ಟ ಮಗುವಿನ ಹಣೆಯಷ್ಟು ಬಿಸಿ.

ಕ್ವಾರಿಯ ಕಡೆ ಬಂದವನು ನಾನೊಬ್ಬನೇ. ಹಳ್ಳದ ತುಂಬ ಗಿಡ ಬೆಳೆದಿದೆ, ಗೊತ್ತಿಲ್ಲದವರು ಪಾರ್ಕ್ ಅಂದುಕೊಂಡಾರು. ಬರಿಗೈಲಿ ಇಳಿದು ಹತ್ತುವಷ್ಟರಲ್ಲೇ ನನಗೆ ಏದುಸಿರು. ಐವತ್ತರ ಹತ್ತಿರದ ಗುಸ್ತಾವ್ ಇಲ್ಲಿ ಕಲ್ಲಿನ ಬಂಡಿ ಎಳೆಯುತ್ತಿದ್ದ. ಅವನ ಬಳಿ ಒಂದು ಪುಟ್ಟ ನೋಟ್‌ಬುಕ್, ಮೋಟು ಪೆನ್ಸಿಲ್. ಸಿಕ್ಕಿಬಿದ್ದರೆ ಜೀವ ಹೋಗುತ್ತಿತ್ತು, ಆದರೂ ಬರೆದ. ಮಗನನ್ನು ಉಳಿಸಿದ್ದು ಗಾರೆ ಕೆಲಸ. ರೋಬರ್ಟ್ ಸೀವರ್ಟ್ ಎಂಬ ಕಮ್ಯುನಿಸ್ಟ್ ಕೈದಿ ಹುಡುಗರಿಗೆ ಇಟ್ಟಿಗೆ ಕಟ್ಟುವುದನ್ನು ಕಲಿಸಿ, ಕ್ವಾರಿಯಿಂದ ತಪ್ಪಿಸಿದ್ದ.

1942ರ ಅಕ್ಟೋಬರ್‌ನಲ್ಲಿ ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಸ್‌ಗೆ ಹೋಗುವವರ ಪಟ್ಟಿ ಬಂತು. ಅಪ್ಪನ ಹೆಸರಿತ್ತು, ಗಾರೆಯವನಾದ ಮಗನ ಹೆಸರಿರಲಿಲ್ಲ. ಹೋದರೆ ಸಾವೇ ಎಂದು ಗೊತ್ತಿದ್ದೂ, ಗೆಳೆಯರು ಬೇಡವೆಂದರೂ, ನನ್ನನ್ನೂ ಸೇರಿಸಿ ಎಂದು ಫ್ರಿಟ್ಸ್ ಕೇಳಿಕೊಂಡ. ಈ ಒಂದು ಸಂಗತಿಯೇ ನನ್ನನ್ನು ಇಲ್ಲಿವರೆಗೆ ಎಳೆದು ತಂದಿದ್ದು. ಆ ವಯಸ್ಸಿನಲ್ಲಿ ನಾನು ಅಪ್ಪನ ಜೊತೆ ಸಂತೆಗೆ ಹೋಗಲೂ ಸಿಡುಕುತ್ತಿದ್ದೆ.

ಆಶ್‌ವಿಟ್ಸ್‌ನ ಮೊನೋವಿಟ್ಸ್ ಶಿಬಿರದಲ್ಲಿ ಇಬ್ಬರೂ ಎರಡು ವರ್ಷದ ಮೇಲೆ ಬದುಕಿದರು. 1945ರ ಜನವರಿಯಲ್ಲಿ ಕೈದಿಗಳನ್ನು ತೆರೆದ ಗೂಡ್ಸ್ ಗಾಡಿಯಲ್ಲಿ ಪಶ್ಚಿಮಕ್ಕೆ ಸಾಗಿಸುವಾಗ ಅಪ್ಪನಿಗೆ ಮೈಯಲ್ಲಿ ತ್ರಾಣವಿರಲಿಲ್ಲ. ನೀನಾದರೂ ಹಾರು ಎಂದು ಅಪ್ಪನೇ ಒತ್ತಾಯಿಸಿದ. ಆಸ್ಟ್ರಿಯಾದ ಹಿಮದೊಳಕ್ಕೆ ಹಾರಿದ ಫ್ರಿಟ್ಸ್ ಸಿಕ್ಕಿಬಿದ್ದು ಮೌಥೌಸನ್ ಶಿಬಿರ ಸೇರಿದ. ಗುಸ್ತಾವ್ ಕೊನೆಗೆ ಬರ್ಗನ್-ಬೆಲ್ಸನ್ ಶಿಬಿರ ಸೇರಿದ.

ಕತ್ತಲಾಗುತ್ತಿತ್ತು. ಬಸ್ ಸ್ಟಾಪಿನಲ್ಲಿ ಅದೇ ಮಕ್ಕಳು, ಒಂದೇ ಚಿಪ್ಸ್ ಪೊಟ್ಟಣಕ್ಕೆ ಕಿತ್ತಾಟ.

1945ರಲ್ಲೇ ಅಪ್ಪ, ಮಗ ಇಬ್ಬರೂ ವಿಯೆನ್ನಾಗೆ ಮರಳಿದರು. ತಾಯಿ ಟಿನಿ, ಮಗಳು ಹೆರ್ತಾ ಬರಲಿಲ್ಲ. ಅವರನ್ನು 1942ರಲ್ಲೇ ಮಿನ್ಸ್ಕ್ ಬಳಿಯ ಮಾಲಿ ತ್ರೊಸ್ತಿನೆಟ್ಸ್‌ನಲ್ಲಿ ಕೊಂದಿದ್ದರು. ನೋಟ್‌ಬುಕ್ ಉಳಿದಿತ್ತು. ಗುಸ್ತಾವ್ ಮತ್ತೆ ಕುಶನ್ ಕೆಲಸ ಹಿಡಿದ.