ನ್ಯೋನ್ಸ್ ಪಕ್ಕದ ಹಳ್ಳಿಮನೆ, ಜುಲೈ ರಜೆ, ಉದ್ದನೆಯ ಊಟ

ಊರಿಂದ ಯುರೋಪ್ ಟೂರ್ ಅಂತ ಬರುವ ನೆಂಟರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಒಂದು ವಾರವನ್ನಾದರೂ ಒಂದೇ ಮನೆಯಲ್ಲಿ ಕಳೆಯಿರಿ. ಹಳ್ಳಿಯಲ್ಲಿ, ಅಡುಗೆಮನೆ ಇರುವ ಮನೆಯಲ್ಲಿ. ಐಫೆಲ್ ಟವರ್ ನೋಡಬೇಡಿ ಅನ್ನುವುದಿಲ್ಲ, ಖಂಡಿತ ನೋಡಿ. ಆದರೆ ಫ್ರಾನ್ಸಿನ ಜನ ಬೇಸಿಗೆಯನ್ನು ಹೇಗೆ ಕಳೆಯುತ್ತಾರೆ ಅನ್ನುವುದು ಟೂರ್ ಬಸ್ಸಿನ ಕಿಟಕಿಯಲ್ಲಿ ಕಾಣುವುದಿಲ್ಲ. ಅದು ಗೊತ್ತಾಗಬೇಕಾದರೆ ಮಧ್ಯಾಹ್ನದ ಊಟಕ್ಕೆ ಕೂತು, ಸಂಜೆಯ ಹೊತ್ತಿಗೆ ಏಳಬೇಕು.

ನಾನಿರುವುದು ಲಿಯೋನ್‌ನಲ್ಲಿ. ಜುಲೈ ಬಂತು ಅಂದರೆ ಆಫೀಸಿನ ಗೆಳತಿ, ಅವಳ ಗಂಡ, ಮಕ್ಕಳು, ಮತ್ತೆ ನಮ್ಮ ಸ್ನೇಹಿತರ ಗುಂಪು, ಎಲ್ಲರೂ ದಕ್ಷಿಣಕ್ಕೆ ಹೊರಡುತ್ತೇವೆ. ದ್ರೋಮ್ ಜಿಲ್ಲೆಯಲ್ಲಿ ನ್ಯೋನ್ಸ್ ಅಂತ ಒಂದು ಪುಟ್ಟ ಪೇಟೆ ಇದೆ. ಅದರ ಪಕ್ಕದ ಹಳ್ಳಿಯಲ್ಲಿ ಗೆಳತಿಯ ಅಮ್ಮನ ಕಲ್ಲಿನ ಮನೆ. ಮೊಮ್ಮಕ್ಕಳು ಅವರನ್ನು ಮಾಮಿ, ಅಂದರೆ ಅಜ್ಜಿ ಅನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ದಾರಿ ಎಂದರೆ ಎ7 ಹೆದ್ದಾರಿ. ಜುಲೈ, ಆಗಸ್ಟ್ ಶನಿವಾರಗಳಲ್ಲಿ ಅರ್ಧ ದೇಶವೇ ಆ ರಸ್ತೆಯಲ್ಲಿ ಸಮುದ್ರದ ಕಡೆಗೆ ಇಳಿಯುತ್ತಿರುತ್ತದೆ. ಹಾಗಾಗಿ ವಾರದ ಮಧ್ಯೆ, ಬೆಳಗಿನ ಜಾವವೇ ಹೊರಟುಬಿಡುತ್ತೇವೆ.

ಇಲ್ಲಿ ರಜೆ ಅನ್ನುವುದು ಬಾಸ್ ಕೊಡುವ ಭಿಕ್ಷೆ ಅಲ್ಲ. 1936ರಲ್ಲಿ ಕಾನೂನು ತಂದು ಎಲ್ಲ ಕೆಲಸಗಾರರಿಗೂ ಎರಡು ವಾರ ಸಂಬಳಸಹಿತ ರಜೆ ಕೊಟ್ಟರು. ಅದು ಹೆಚ್ಚುತ್ತಾ 1982ರ ಹೊತ್ತಿಗೆ ಐದು ವಾರ ಆಯಿತು. ಗೆಳತಿ ಮೂರು ವಾರ ಒಟ್ಟಿಗೇ ಹಾಕುತ್ತಾಳೆ. ಯಾರೂ ಹುಬ್ಬೇರಿಸುವುದಿಲ್ಲ. ಬೆಂಗಳೂರಿನ ನನ್ನ ಹಳೇ ಸಹೋದ್ಯೋಗಿಗಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಮೂರು ವಾರ ಮುಂದೆ ಇದೆ ಅಂತ ಗೊತ್ತಿದ್ದಾಗ ಮನುಷ್ಯ ಬೇರೆ ಥರ ಊಟ ಮಾಡುತ್ತಾನೆ. ಇದು ನಾನು ಕಣ್ಣಾರೆ ಕಂಡದ್ದು.

ನ್ಯೋನ್ಸ್‌ನಲ್ಲಿ ಗುರುವಾರ ಸಂತೆ. ಎಂಟು ಗಂಟೆಗೇ ಅಲ್ಲಿರಬೇಕು, ಹನ್ನೆರಡೂವರೆ ಹೊತ್ತಿಗೆ ವ್ಯಾಪಾರಿಗಳು ಗಂಟುಮೂಟೆ ಕಟ್ಟಲು ಶುರು ಮಾಡುತ್ತಾರೆ. ಹಳೇ ಕಲ್ಲಿನ ಕಮಾನುಗಳ ಚೌಕ, ಅದರ ಸುತ್ತಲಿನ ಬೀದಿಗಳು, ಎಲ್ಲ ಕಡೆ ಅಂಗಡಿ. ಏನು ಅಡುಗೆ ಅಂತ ಮನೆಯಲ್ಲಿ ತೀರ್ಮಾನ ಮಾಡಿ ಹೋಗುವ ಪದ್ಧತಿ ಮಾಮಿಗಿಲ್ಲ. ಸಂತೆಯಲ್ಲಿ ಏನು ಚೆನ್ನಾಗಿದೆಯೋ ಅದೇ ಅಡುಗೆ. ಮೊದಲು ಒಂದು ಸುತ್ತು ಸುಮ್ನೆ ನೋಡುತ್ತಾರೆ, ಏನನ್ನೂ ಕೊಳ್ಳುವುದಿಲ್ಲ. ಎರಡನೇ ಸುತ್ತಿನಲ್ಲಿ ಬುಟ್ಟಿ ತುಂಬುತ್ತದೆ.

ಕರಬೂಜದ ಅಂಗಡಿಯ ಮುಂದೆ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ. ಹೊರಗೆ ತಿಳಿಹಸಿರು ಗೆರೆ, ಒಳಗೆ ಕಿತ್ತಳೆ ಬಣ್ಣ, ಎರಡು ಕೈಯಲ್ಲಿ ಹಿಡಿಯುವಷ್ಟು ಗಾತ್ರ. ಮಾರುವವರು ಮೊದಲು ಕೇಳುವುದು ಎಷ್ಟು ಬೇಕು ಅಂತ ಅಲ್ಲ, ಯಾವಾಗ ತಿನ್ನುತ್ತೀರಿ ಅಂತ. ಇವತ್ತು ಮಧ್ಯಾಹ್ನಕ್ಕಾ, ರಾತ್ರಿಗಾ, ನಾಳೆಗಾ? ನೀವು ಹೇಳಿದ ಮೇಲೆ ಹಣ್ಣನ್ನು ಕೈಯಲ್ಲಿ ತೂಗಿ ನೋಡುತ್ತಾರೆ. ಬುಡ ಮೂಸುತ್ತಾರೆ. ತೊಟ್ಟಿನ ಸುತ್ತ ಬಿರುಕು ಬಿಟ್ಟಿದ್ದರೆ ಅದು ಇವತ್ತಿನದು, ತೊಟ್ಟು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ನಾಳೆಯದು. ಮಧ್ಯಾಹ್ನಕ್ಕೆ ಅಂತ ಕೊಟ್ಟ ಹಣ್ಣು ಮಧ್ಯಾಹ್ನಕ್ಕೆ ಸರಿಯಾಗಿಯೇ ಇರುತ್ತದೆ. ಇಷ್ಟು ಕಾಳಜಿಯಿಂದ ಯಾರಾದರೂ ಹಣ್ಣು ಮಾರಿದರೆ ತಿನ್ನುವವರಿಗೂ ಅದರ ಮೇಲೆ ಗೌರವ ಬರುತ್ತದೆ, ಅಲ್ವಾ?

ಮೇಕೆ ಹಾಲಿನ ಚೀಸ್ ಪಿಕೊದೋನ್ ಈ ಕಡೆಯದೇ. ಅಂಗೈಯಲ್ಲಿ ಕೂರುವ ಚಪ್ಪಟೆ ಬಿಲ್ಲೆ. ಇಂಥ ಸೀಮೆಯದೇ ಅಂತ ಹೆಸರಿಗೆ ರಕ್ಷಣೆ ಕೊಡುವ ಸರ್ಕಾರಿ ಮಾನ್ಯತೆ ಇದಕ್ಕೆ 1983ರಲ್ಲೇ ಸಿಕ್ಕಿದೆ. ಅಂಗಡಿಯ ಹಲಗೆ ಮೇಲೆ ವಯಸ್ಸಿನ ಪ್ರಕಾರ ಸಾಲಾಗಿ ಇಟ್ಟಿರುತ್ತಾರೆ. ಒಂದು ತುದಿಯಲ್ಲಿ ಬೆಳ್ಳಗೆ ಮೆತ್ತಗಿನದು, ಇನ್ನೊಂದು ತುದಿಯಲ್ಲಿ ಒಣಗಿ ನೀಲಿ ಬೂಷ್ಟು ಹಿಡಿದದ್ದು. ಒಣಗಿದ್ದು ನಾಲಿಗೆಗೆ ಚುರುಕು ಮುಟ್ಟಿಸುತ್ತದೆ. ನನಗೆ ನಡುವಿನದು ಇಷ್ಟ.

ನಾನು ಸಸ್ಯಾಹಾರಿ. ಅದಕ್ಕೇ ಒಂದೆರಡು ಮಾತು ಹೇಳಿಬಿಡುತ್ತೇನೆ, ಹೋಗುವವರಿಗೆ ಉಪಯೋಗಕ್ಕೆ ಬರುತ್ತದೆ. ತಪೆನಾದ್ ಅಂದರೆ ಆಲಿವ್ ಚಟ್ನಿ, ನೋಡಲು ನಿರಪಾಯಕಾರಿ. ಆದರೆ ಅದರಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಅರೆದು ಹಾಕಿರುತ್ತಾರೆ. ಕಾಯೆತ್ ಅನ್ನುವ ಉಂಡೆಯಲ್ಲಿ ಸೊಪ್ಪು ಕಾಣುತ್ತದೆ, ಅದರ ಜೊತೆಗೆ ಹಂದಿಮಾಂಸವೂ ಇರುತ್ತದೆ. ಕೇಳಿಯೇ ತಿನ್ನಬೇಕು. ಕೇಳಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಮಾಮಿಯಂತೂ ನನಗೋಸ್ಕರ ಮೀನಿಲ್ಲದ ತಪೆನಾದ್ ಬೇರೆ ಬಟ್ಟಲಲ್ಲಿ ಮಾಡಿಡುತ್ತಾರೆ. ಕಪ್ಪು ಆಲಿವ್, ಕೇಪರ್ ಮೊಗ್ಗು, ಬೆಳ್ಳುಳ್ಳಿ, ಎಣ್ಣೆ. ಅಷ್ಟೇ. ಕೊನೆಗೆ ಎಲ್ಲರೂ ಆ ಬಟ್ಟಲಿಗೇ ಬ್ರೆಡ್ ಅದ್ದುತ್ತಾರೆ.

ಆಲಿವ್ ಅಂದರೆ ನ್ಯೋನ್ಸ್, ನ್ಯೋನ್ಸ್ ಅಂದರೆ ಆಲಿವ್. ಇಲ್ಲಿಯದು ತಾಂಶ್ ಅನ್ನುವ ತಳಿ. ಚಳಿಗಾಲದಲ್ಲಿ ಸುಕ್ಕುಗಟ್ಟಿದ ಮೇಲೆಯೇ ಕೀಳುತ್ತಾರೆ. ಫ್ರಾನ್ಸಿನಲ್ಲಿ ಆಲಿವ್‌ಗೆ ಊರಿನ ಹೆಸರಿನ ಮಾನ್ಯತೆ ಮೊದಲು ಸಿಕ್ಕಿದ್ದು ಇಲ್ಲಿಗೇ, 1994ರಲ್ಲಿ. ಮಾಮಿಯ ಹಿತ್ತಲಿನ ಮರಗಳನ್ನು ಹತ್ತಿರ ಹೋಗಿ ನೋಡಿದರೆ ಒಂದೊಂದು ಬುಡದಿಂದ ಮೂರು ನಾಲ್ಕು ಕಾಂಡ ಮೇಲೆದ್ದಿವೆ. ನಡುವೆ ಖಾಲಿ ಜಾಗ, ಅಲ್ಲಿ ಹಳೇ ಬೊಡ್ಡೆ ಕೊಳೆತು ಕಪ್ಪಾಗಿದೆ. 1956ರ ಫೆಬ್ರವರಿಯಲ್ಲಿ ಇಡೀ ಪ್ರೊವಾನ್ಸ್ ಪ್ರದೇಶಕ್ಕೆ ಭಾರೀ ಹಿಮಚಳಿ ಬಡಿಯಿತು. ಆ ವರ್ಷ ಜನವರಿ ಬೆಚ್ಚಗಿತ್ತು, ಮರಗಳಲ್ಲಿ ರಸ ಏರಿತ್ತು. ಒಮ್ಮೆಲೇ ಬಂದ ಚಳಿಗೆ ಕಾಂಡಗಳು ಸೀಳಿಹೋದವು. ಜನ ಬುಡದವರೆಗೂ ಕಡಿದುಹಾಕಿದರು. ಬೇರು ಸತ್ತಿರಲಿಲ್ಲ, ಸುತ್ತಲಿಂದ ಚಿಗುರು ಬಂತು. ಈಗ ನಾವು ನೋಡುವುದು ಆ ಚಿಗುರುಗಳನ್ನೇ. ಮಾಮಿಯ ಅಪ್ಪ ಕೊಡಲಿ ಹಿಡಿದು ತೋಟಕ್ಕೆ ಹೋಗಿ ಅತ್ತಿದ್ದರಂತೆ. ಈ ಕಥೆ ಹೇಳುವಾಗ ಮಾಮಿ ಮರದ ಮೇಲೆ ಕೈ ಇಟ್ಟೇ ಹೇಳುತ್ತಾರೆ.

ಆ ಚಳಿಯಿಂದ ಇನ್ನೊಂದು ಕಸುಬೂ ದಿಕ್ಕು ಬದಲಿಸಿತು. ಆಲಿವ್ ಗಾಣದಲ್ಲಿ ಅರೆದ ಮುದ್ದೆಯನ್ನು ಹಿಂಡಲು ದುಂಡನೆಯ ನಾರಿನ ಚಾಪೆಗಳನ್ನು ಬಳಸುತ್ತಿದ್ದರು. ನ್ಯೋನ್ಸ್‌ನಲ್ಲಿ ಅವನ್ನು ತೆಂಗಿನ ನಾರಿನಿಂದ ನೇಯುವ ಕಾರ್ಖಾನೆ 19ನೇ ಶತಮಾನದಿಂದ ಇದೆ. ಗಾಣಗಳು ಕಡಿಮೆಯಾದ ಮೇಲೆ ಅವರು ಮನೆಯ ನೆಲಕ್ಕೆ ಹಾಸುವ ಚಾಪೆ ಮಾಡತೊಡಗಿದರು. ನಾನು ತಿಪಟೂರಿನ ಕಡೆಯ ತೆಂಗಿನ ತೋಟದ ಮನೆಯಲ್ಲಿ ಬೆಳೆದವಳು. ಆ ಕಾರ್ಖಾನೆಯ ಬಾಗಿಲು ದಾಟಿದ ಕೂಡಲೇ ಮೂಗಿಗೆ ಬಡಿದ ಆ ಒಣ ನಾರಿನ ವಾಸನೆ! ತೆಂಗಿನ ಮರವೇ ಬೆಳೆಯದ ಊರಲ್ಲಿ ಅದು ಸಿಕ್ಕಿದ್ದಕ್ಕೆ ನನಗೆ ಎಷ್ಟು ಖುಷಿಯಾಯಿತು ಅಂದರೆ, ನೇಯುವವರ ಪಕ್ಕ ನಿಂತು ಅರ್ಧ ಗಂಟೆ ಮಾತಾಡಿದೆ. ಕಾಯಿ ಸುಲಿಯುವುದು ಹೇಗೆ ಅಂತ ಕೈಯಲ್ಲೇ ತೋರಿಸಿಕೊಟ್ಟೆ.

ಮನೆಗೆ ವಾಪಸ್ಸಾದ ಮೇಲೆ ನಿಜವಾದ ರಜೆ ಶುರು. ಬಿಸಿಲು ಏರುವ ಮೊದಲೇ ಮರದ ಕಿಟಕಿ ಬಾಗಿಲುಗಳನ್ನು ಮುಚ್ಚಿರುತ್ತಾರೆ. ಒಳಗೆ ಕತ್ತಲೆ, ತಂಪು. ಹೊರಗೆ ಜೀರುಂಡೆಗಳ ಸದ್ದು ಎಷ್ಟು ಜೋರು ಅಂದರೆ ಮರದ ಕೆಳಗೆ ಗಟ್ಟಿಯಾಗಿ ಮಾತಾಡಬೇಕು. ಅಂಗಳದಲ್ಲಿ ದೊಡ್ಡ ತಿಯೇಲ್ ಮರ ಇದೆ. ಜೂನ್‌ನಲ್ಲಿ ಅದರ ಹೂ ಬಿಡಿಸಿ ಒಣಗಿಸಿ, ರಾತ್ರಿ ಊಟ ಆದಮೇಲೆ ಬಿಸಿನೀರಿಗೆ ಹಾಕಿ ಕುಡಿಯುತ್ತಾರೆ. ಈ ಬೆಟ್ಟಗಳ ಕಡೆ ಒಂದು ಕಾಲಕ್ಕೆ ಅದು ದೊಡ್ಡ ವ್ಯಾಪಾರವಾಗಿತ್ತು. ಆ ಮರದ ನೆರಳಲ್ಲೇ ನಮ್ಮ ಊಟದ ಮೇಜು.

ಪಿಸ್ತೂ ಸೂಪ್ ಮಾಡುವ ದಿನ ಎಲ್ಲರಿಗೂ ಕೆಲಸ. ಸಿಪ್ಪೆ ಸಮೇತ ಬಂದ ಹಸಿ ಬೀನ್ಸ್ ಕಾಳು, ಬಿಳಿ ಒಂದು ಜಾತಿ, ಕೆಂಪು ಚುಕ್ಕೆಯದು ಒಂದು ಜಾತಿ. ಮೇಜಿನ ಸುತ್ತ ಕೂತು ಬಿಡಿಸುತ್ತೇವೆ, ಥೇಟ್ ಡಿಸೆಂಬರ್‌ನಲ್ಲಿ ನಮ್ಮ ಜಗಲಿ ಮೇಲೆ ಅವರೆಕಾಯಿ ಬಿಡಿಸುವ ಹಾಗೆ. ಯಾರ ಮದುವೆ ಮುರಿಯಿತು, ಯಾರು ಮನೆ ಕೊಂಡರು, ಎಲ್ಲ ಸುದ್ದಿ ಅಲ್ಲೇ ಹೊರಬರುತ್ತದೆ. ಕಾಳು, ಆಲೂಗಡ್ಡೆ, ಹುರುಳಿಕಾಯಿ, ಝುಕಿನಿ, ಟೊಮ್ಯಾಟೊ, ಕೊನೆಯಲ್ಲಿ ಒಂದಿಷ್ಟು ಸಣ್ಣ ಪಾಸ್ತಾ. ಇಷ್ಟಾದರೆ ಅದು ಬರೀ ತರಕಾರಿ ಸಾರು. ಜೀವ ಇರುವುದು ಪಿಸ್ತೂನಲ್ಲಿ. ಅಮೃತಶಿಲೆಯ ಒರಳಿನಲ್ಲಿ ಮೊದಲು ಬೆಳ್ಳುಳ್ಳಿ, ಉಪ್ಪು. ಅದು ನುಣ್ಣಗಾದ ಮೇಲೆ ಬೇಸಿಲ್ ಎಲೆ, ನಮ್ಮ ಕಾಮಕಸ್ತೂರಿ ಇದೆಯಲ್ಲ ಅದೇ. ಎಲೆಯನ್ನು ಕುಟ್ಟುವುದಿಲ್ಲ, ಒರಳಿನ ಗೋಡೆಗೆ ಒತ್ತಿ ತಿರುಗಿಸುತ್ತಾರೆ. ಎಣ್ಣೆ ಸಣ್ಣಗೆ ಸುರಿಯುತ್ತಾ ಹೋದಂತೆ ಹಸಿರು ಮುದ್ದೆ ಹೊಳೆಯತೊಡಗುತ್ತದೆ. ಕೊನೆಗೆ ತುರಿದ ಚೀಸ್. ಇದು ಒಲೆ ಮೇಲೆ ಹೋಗಬಾರದು. ಕುದಿಸಿದರೆ ಘಮ ಸತ್ತುಹೋಗುತ್ತದೆ ಅಂತ ಮಾಮಿಯ ಕಟ್ಟಪ್ಪಣೆ. ಸೂಪ್ ಇಳಿಸಿ, ಸ್ವಲ್ಪ ಆರಿಸಿ, ತಟ್ಟೆಗೆ ಬಡಿಸಿದ ಮೇಲೆ ಒಂದು ಚಮಚ ಹಾಕಿಕೊಳ್ಳಬೇಕು. ಮೂವತ್ತೈದು ಡಿಗ್ರಿ ಬಿಸಿಲಲ್ಲಿ ಸೂಪ್ ಯಾರು ಕುಡಿಯುತ್ತಾರೆ ಅನ್ನಬೇಡಿ. ಉಗುರುಬೆಚ್ಚಗೆ ಮಾಡಿ ಒಮ್ಮೆ ಕುಡಿದು ನೋಡಿ.

ಊಟ ನಿಧಾನ. ಒಂದು ಸಲಕ್ಕೆ ಒಂದೇ ಪದಾರ್ಥ ಮೇಜಿಗೆ ಬರುತ್ತದೆ. ಎಲೆಯ ಮೇಲೆ ಎಲ್ಲವನ್ನೂ ಒಟ್ಟಿಗೆ ಬಡಿಸಿಕೊಂಡು ಬೆಳೆದ ನಮಗೆ ಇದು ಹೊಸದು. ನನ್ನ ಸರದಿ ಬಂದಾಗ ನಾನು ಎಣ್ಣೆಗಾಯಿ ಮಾಡುತ್ತೇನೆ. ಸಂತೆಯಲ್ಲಿ ಎಳೇ ಬದನೆಕಾಯಿ ಸಿಗುತ್ತದೆ. ಎಳ್ಳು, ಕಡಲೇಬೀಜ, ಊರಿನ ಕೊಬ್ಬರಿ ಲಿಯೋನ್‌ನಿಂದಲೇ ಒಯ್ದಿರುತ್ತೇನೆ. ಖಾರ ಮಾತ್ರ ಕಡಿಮೆ. ರೊಟ್ಟಿಗೆ ನೆಂಚಿಕೊಳ್ಳಲು ಅಂತ ನಾನು ಅಂದುಕೊಂಡಿದ್ದರೆ, ಇವರು ಅದನ್ನೇ ಒಂದು ಪೂರ್ತಿ ಊಟದಂತೆ ಬರೀ ತಟ್ಟೆಯಲ್ಲಿ ಇಟ್ಟುಕೊಂಡು, ಚಾಕು ಫೋರ್ಕ್ ಹಿಡಿದು, ಒಂದೊಂದೇ ತುಂಡು ತಿಂದರು. ಇದರಲ್ಲಿ ನಾಲಿಗೆಗೆ ಸಿಗುವುದು ಹುರಿದ ಎಳ್ಳು ಮೊದಲಾ, ಕೊಬ್ಬರಿ ಮೊದಲಾ ಅಂತ ಚರ್ಚೆ ಬೇರೆ! ನಾನೂ ಹಾಗೇ ತಿಂದೆ. ಬದನೆಯ ತೊಟ್ಟಿನ ಹತ್ತಿರ ಮಸಾಲೆ ಹೊಕ್ಕ ಭಾಗಕ್ಕೂ ಕೆಳಗಿನ ಮೆತ್ತನೆ ಭಾಗಕ್ಕೂ ರುಚಿಯಲ್ಲಿ ವ್ಯತ್ಯಾಸ ಇದೆ. ಅಮ್ಮ ಅಷ್ಟು ವರ್ಷ ಮಾಡಿ ಬಡಿಸಿದ್ದರ ಒಳಗೆ ಇಷ್ಟೆಲ್ಲ ಇತ್ತು ಅಂತ ಗೊತ್ತಾಗಿದ್ದು ಅವತ್ತು. ಮರುದಿನ ಅಮ್ಮನಿಗೆ ಫೋನ್ ಮಾಡಿ ಅದನ್ನೇ ಹೇಳಿದೆ.

ಆಮೇಲೆ ಚೀಸ್, ಆಮೇಲೆ ಹಣ್ಣು. ಮಕ್ಕಳು ಪುದೀನ ಶರಬತ್ತು ಕುಡಿಯುತ್ತಾರೆ, ನನ್ನ ಲೋಟದಲ್ಲೂ ಅದೇ. ದೊಡ್ಡವರಿಗೆ ತಣ್ಣನೆ ರೋಜೆ ವೈನ್. ಎದ್ದು ಹೋಗಿ ಮಲಗುವವರು ಮಲಗುತ್ತಾರೆ. ಕೆಲವರು ಕೂತಲ್ಲೇ ಮಾತಾಡುತ್ತಾರೆ. ಯಾರೂ ಯಾರನ್ನೂ ಎಬ್ಬಿಸುವುದಿಲ್ಲ.

ತೀರಾ ಸೆಕೆಯಾದ ದಿನ ತೂಲೂರಾಂಕ್ ಹೊಳೆಗೆ ಹೋಗುತ್ತೇವೆ. ವಾಂತೂ ಬೆಟ್ಟದ ಬುಡದಲ್ಲಿ ಸುಣ್ಣಕಲ್ಲಿನ ಕಮರಿ, ಅದರೊಳಗೆ ಹೊಳೆಯೇ ದಾರಿ. ನೀರಲ್ಲೇ ನಡೆಯಬೇಕು. ಕೆಲವು ಕಡೆ ಪಾದ ಮುಳುಗುವಷ್ಟು, ಕೆಲವು ಕಡೆ ತೊಡೆವರೆಗೆ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಬೇಕೇ ಬೇಕು, ಕಲ್ಲು ಜಾರುತ್ತದೆ. ಮಳೆ ಬರುವ ಸೂಚನೆ ಇದ್ದರೆ ಹೋಗಬೇಡಿ, ನೀರು ಬೇಗ ಏರುತ್ತದೆ. ಸುತ್ತ ಕಲ್ಲಿಟ್ಟು ಕರಬೂಜವನ್ನು ನೀರಲ್ಲಿ ಮುಳುಗಿಸಿಟ್ಟರೆ ಒಂದು ಗಂಟೆಯಲ್ಲಿ ತಣ್ಣಗಾಗುತ್ತದೆ. ಬಂಡೆ ಮೇಲೆ ಕೂತು ಅದನ್ನು ಹೆಚ್ಚಿ, ಬ್ರೆಡ್ಡು, ಟೊಮ್ಯಾಟೊ, ಪಿಕೊದೋನ್ ಜೊತೆ ತಿನ್ನುವುದು ನನ್ನ ಪ್ರಕಾರ ಈ ಸೀಮೆಯ ಅತ್ಯುತ್ತಮ ಊಟ. ಸ್ಟಾರ್ ಹೋಟೆಲ್ಲುಗಳು ಆಮೇಲೆ.

ಜುಲೈ 14, ರಾಷ್ಟ್ರೀಯ ಹಬ್ಬದ ದಿನ, ಹಳ್ಳಿಯವರೆಲ್ಲ ಸೇರಿ ಚೌಕದಲ್ಲಿ ಊಟ ಹಾಕುತ್ತಾರೆ. ತಟ್ಟೆ, ಲೋಟ, ಚಮಚ ಮನೆಯಿಂದಲೇ ತರಬೇಕು. ಉದ್ದನೆಯ ಮೇಜು, ಗುರುತಿಲ್ಲದವರ ಪಕ್ಕ ಜಾಗ. ಆಮೇಲೆ ಹಾಡು, ಕುಣಿತ. ಎಪ್ಪತ್ತು ದಾಟಿದ ಜೋಡಿಗಳು ಅಕಾರ್ಡಿಯನ್‌ಗೆ ಹೆಜ್ಜೆ ಹಾಕುವುದನ್ನು ನೋಡುವುದೇ ಒಂದು ಸೊಗಸು.

ರಜೆಯ ಕೊನೆ ಹತ್ತಿರ ಬಂದಾಗ ಏಪ್ರಿಕಾಟ್ ಜಾಮ್. ದ್ರೋಮ್‌ನ ಬೆರ್ಜೆರೋನ್ ತಳಿ, ಒಂದು ಕೆನ್ನೆ ಕೆಂಪು. ಹಣ್ಣು ಬಿಡಿಸಿ ಸಕ್ಕರೆ ಬೆರೆಸಿ ರಾತ್ರಿಯಿಡೀ ಇಟ್ಟು, ಬೆಳಗ್ಗೆ ತಾಮ್ರದ ಬಾಣಲೆಯಲ್ಲಿ ಕುದಿಸುತ್ತಾರೆ. ಮಾಮಿ ಕೆಲವೇ ಕೆಲವು ಬೀಜ ಒಡೆದು ಒಳಗಿನ ಪಪ್ಪನ್ನು ಸೀಸೆಗೊಂದರಂತೆ ಹಾಕುತ್ತಾರೆ, ಕಹಿ ಬಾದಾಮಿಯ ಘಮಕ್ಕೆ. ಜಾಸ್ತಿ ಹಾಕಿದರೆ ವಿಷ, ಅದಕ್ಕೇ ಆ ಕೆಲಸವನ್ನು ಬೇರೆ ಯಾರಿಗೂ ಬಿಡುವುದಿಲ್ಲ.

ಖರ್ಚಿಗೆ ಅಡುಗೆಮನೆಯ ಕಪಾಟಿನಲ್ಲಿ ಒಂದು ಡಬ್ಬಿ ಇದೆ. ಬಂದ ದಿನ ಎಲ್ಲರೂ ಸಮನಾಗಿ ದುಡ್ಡು ಹಾಕುತ್ತೇವೆ, ಸಂತೆಗೆ ಹೋಗುವವರು ಅದರಿಂದ ತೆಗೆದುಕೊಳ್ಳುತ್ತಾರೆ. ಲೆಕ್ಕ ಬರೆಯುವುದಿಲ್ಲ. ಹೊರಡುವ ದಿನ ಉಳಿದ ದುಡ್ಡಿಗೆ ಆಲಿವ್ ಎಣ್ಣೆ ತಂದು ಎಲ್ಲರಿಗೂ ಹಂಚುತ್ತಾರೆ. ಜಾಮ್ ಸೀಸೆಗಳೂ ಹಾಗೇ. ಈ ಸಲ ಕಾರು ಹತ್ತುವಾಗ ಮಾಮಿ ನನ್ನ ಕೈಗೆ ಒಂದು ಚೀಟಿ ಕೊಟ್ಟರು. ಮುಂದಿನ ಜುಲೈಗೆ ತರಬೇಕಾದ್ದು: ಕೊಬ್ಬರಿ, ಹುಚ್ಚೆಳ್ಳಿನ ಚಟ್ನಿಪುಡಿ, ಮತ್ತು ನನ್ನ ಅಮ್ಮ. ವೀಸಾ ಅರ್ಜಿ ಹಾಕಿದ್ದೇವೆ.