ಒಂದು ಹಣ್ಣಿನ ಎರಡು ಬೇಳೆಗೆ ಮೂರು ಪ್ರಶ್ನೆ

ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡಲು ಶುರು ಮಾಡಿ ಹನ್ನೊಂದು ವರ್ಷವಾಯಿತು. ಎಲೆಕ್ಟ್ರಾನ್, ಬೆಳಕು ಅಲೆಯ ಹಾಗೂ ಕಣದ ಹಾಗೂ ನಡೆದುಕೊಳ್ಳುತ್ತವೆ ಅನ್ನುವ ದ್ವಿಸ್ವಭಾವದ ಪಾಠ ಬಂದಾಗಲೆಲ್ಲ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಈ ಸಲ ಅರಕಲಗೂಡು ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿ ಕೇಳಿದಳು: "ಮೇಡಂ, ನಾವು ನೋಡದೇ ಇದ್ದಾಗ ಎಲೆಕ್ಟ್ರಾನ್ ಎಲ್ಲಿರುತ್ತೆ?" ಹಿಂದಿನ ಬೆಂಚಿನ ಹುಡುಗ, "ನಾವು ನೋಡಿದ್ರೇನೇ ಅದು ಇರೋದು, ಯೂಟ್ಯೂಬಲ್ಲಿ ಹೇಳಿದಾರೆ" ಅಂದ. ಗಂಟೆ ಹೊಡೆಯಿತು. "ಪರೀಕ್ಷೆಗೆ ಬರಲ್ಲ, ಬಿಡಿ" ಅಂದು ಹೊರಟುಬಿಟ್ಟೆ. ಹಾಗೆ ಹೇಳಬಾರದಿತ್ತು. ವಾರವಿಡೀ ಅದೇ ಕೊರೆಯುತ್ತಿತ್ತು.

ಶನಿವಾರ ಹಾನುಬಾಳಿನ ಹತ್ತಿರ ದೊಡ್ಡಪ್ಪನ ತೋಟಕ್ಕೆ ಹೋದೆ. ಡಿಸೆಂಬರ್, ಅರೇಬಿಕಾ ಕಾಫಿಯ ಕೊಯ್ಲು. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಕೂತು ಒಂದು ಹಣ್ಣು ಹಿಸುಕಿದೆ. ಎರಡು ಬೇಳೆ ಲೋಳೆಯ ಜೊತೆ ಜಾರಿ ಅಂಗೈಗೆ ಬಂದವು. ಚಪ್ಪಟೆ ಮೈ ಒಂದಕ್ಕೊಂದು ಅಂಟಿಕೊಂಡಿತ್ತು. ಇನ್ನೊಂದು ಹಣ್ಣು ಹಿಡಿದು ಕೇಳಿದೆ: "ದೊಡ್ಡಪ್ಪ, ಇದರಲ್ಲಿ ಜೋಡಿ ಬೇಳೆ ಇದೆಯೋ, ಒಂಟಿ ಬೇಳೆಯ ಪೀಬೆರಿಯೋ?"

"ಬಿಡಿಸಿದ್ರೆ ಗೊತ್ತಾಗುತ್ತೆ."

"ಬಿಡಿಸೋಕ್ ಮುಂಚೆ?"

"ಮುಂಚೇನೂ ಒಳಗೆ ಇದ್ದಿದ್ದೇ ಅಲ್ವೇನವ್ವಾ? ನಾವು ನೋಡಿದ್ವಿ ಅಂತ ಅದು ಬದಲಾಗುತ್ತಾ?"

1935ರಲ್ಲಿ ಐನ್‌ಸ್ಟೈನ್, ಪೊಡೊಲ್‌ಸ್ಕಿ, ರೋಸನ್ ಬರೆದ ಲೇಖನದ ಸಾರವೂ ಹೆಚ್ಚುಕಮ್ಮಿ ಇದೇ. ಉತ್ತರ ಒಳಗೆ ಇದ್ದೇ ಇರಬೇಕು, ಅತಿ ಸಣ್ಣ ಕಣಗಳ ಲೆಕ್ಕ ಹೇಳುವ ಕ್ವಾಂಟಮ್ ಸಿದ್ಧಾಂತಕ್ಕೆ ಅದು ಕಾಣುತ್ತಿಲ್ಲ ಅಷ್ಟೇ. ಆ ಸಿದ್ಧಾಂತ ಕಟ್ಟಿದವರಲ್ಲಿ ಒಬ್ಬರಾದ ನೀಲ್ಸ್ ಬೋರ್ ಒಪ್ಪಲಿಲ್ಲ. ಇದು ಬರೀ ತತ್ವದ ಜಗಳ, ಬಗೆಹರಿಯುವುದಲ್ಲ ಅಂತ ಬಹಳ ಜನ ಸುಮ್ಮನಾದರು. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಜಾನ್ ಬೆಲ್ 1964ರಲ್ಲಿ ಅದನ್ನು ಎಣಿಕೆಯ ಲೆಕ್ಕಕ್ಕೆ ತಂದರು. ನನಗೆ ಇಡೀ ಭೌತಶಾಸ್ತ್ರದಲ್ಲಿ ಇದಕ್ಕಿಂತ ಇಷ್ಟವಾದ ಲೆಕ್ಕ ಇನ್ನೊಂದಿಲ್ಲ.

ಕಣದ ಮೇಲೆಯೇ ದೊಡ್ಡಪ್ಪನಿಗೆ ತೋರಿಸಿದೆ. ಒಂದೇ ಹಣ್ಣಿನ ಎರಡು ಬೇಳೆ. ಒಂದು ನಿಮ್ಮ ಕೈಲಿ, ಇನ್ನೊಂದು ಸಕಲೇಶಪುರದಲ್ಲಿ ಯಾರದೋ ಕೈಲಿ. ಬೇಳೆಗೆ ಮೂರು ಪ್ರಶ್ನೆ ಕೇಳಬಹುದು ಅಂದುಕೊಳ್ಳಿ: ದಪ್ಪ ಇದೆಯಾ, ಉದ್ದ ಇದೆಯಾ, ಹುಳ ಬಿದ್ದಿದೆಯಾ. ಒಂದು ಬೇಳೆಗೆ ಒಂದೇ ಪ್ರಶ್ನೆ. ಎರಡೂ ಕಡೆ ಒಂದೇ ಪ್ರಶ್ನೆ ಕೇಳಿದಾಗಲೆಲ್ಲ ಒಂದೇ ಉತ್ತರ ಬರುತ್ತದೆ. ಹಾಗಾದರೆ ಎರಡೂ ಬೇಳೆ ಮೂರೂ ಉತ್ತರವನ್ನು ಹಣ್ಣಿನಿಂದಲೇ ಹೊತ್ತು ತಂದಿರಬೇಕು, ಅಲ್ವಾ? ಈಗ ಎರಡು ಕಡೆ ಬೇರೆ ಬೇರೆ ಪ್ರಶ್ನೆ ಕೇಳಿ. ಉತ್ತರ ಇರುವುದು ಎರಡೇ, ಹೌದು ಅಥವಾ ಇಲ್ಲ. ಪ್ರಶ್ನೆ ಮೂರು. ಅಂದಮೇಲೆ ಕನಿಷ್ಠ ಎರಡು ಪ್ರಶ್ನೆಯ ಉತ್ತರ ಒಂದೇ ಇರಲೇಬೇಕು. ಹೌದು, ಹೌದು, ಇಲ್ಲ ಅಂದರೆ ಮೂರು ಜೋಡಿಯಲ್ಲಿ ಒಂದು ಹೊಂದುತ್ತದೆ. ಮೂರೂ ಹೌದು ಅಂದರೆ ಮೂರೂ ಹೊಂದುತ್ತವೆ. ಏನೇ ಮಾಡಿದರೂ ಮೂರಕ್ಕೆ ಒಂದಕ್ಕಿಂತ ಕಡಿಮೆ ಆಗುವ ಹಾಗಿಲ್ಲ.

ದೊಡ್ಡಪ್ಪ ಹೌದು ಅನ್ನುವುದಕ್ಕೆ ಹಣ್ಣು, ಇಲ್ಲ ಅನ್ನುವುದಕ್ಕೆ ಕಾಯಿ ಜೋಡಿಸಿ ಎಂಟೂ ಬಗೆ ಇಟ್ಟು ನೋಡಿದರು. "ಸರಿ ಇದೆ" ಅಂದರು.

ಬೇಳೆಯ ಬದಲು ಜೋಡಿಯಾಗಿ ಹುಟ್ಟಿದ ಬೆಳಕಿನ ಕಣಗಳನ್ನು ತಗೊಳ್ಳಿ. ಪ್ರಶ್ನೆಯ ಬದಲು, ಬೆಳಕಿನ ಕಣವನ್ನು ದಾಟಲು ಬಿಡುವ ಇಲ್ಲವೇ ತಡೆಯುವ ಧ್ರುವಕವನ್ನು (ಪೋಲರೈಸರ್) 60 ಡಿಗ್ರಿ ಅಂತರದ ಮೂರು ಕೋನಗಳಲ್ಲಿ ಇಡಿ. ಒಂದೇ ಕೋನ ಇಟ್ಟರೆ ಒಂದೇ ಉತ್ತರ. ಬೇರೆ ಕೋನ ಇಟ್ಟರೆ ಹೊಂದುವುದು ನಾಲ್ಕಕ್ಕೆ ಒಂದು ಸಲ! ಸಿದ್ಧಾಂತ ಹೇಳುವುದು ಹಾಗೆ, ಪ್ರಯೋಗಗಳೂ ಅದರ ಕಡೆಗೇ ಬಂದವು. 1972ರಲ್ಲಿ ಕ್ಲೌಸರ್ ಮತ್ತು ಫ್ರೀಡ್‌ಮನ್, 1982ರಲ್ಲಿ ಅಲೈನ್ ಆಸ್ಪೆ. 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ 1.3 ಕಿ.ಮೀ. ದೂರ ಇಟ್ಟು ಎಲೆಕ್ಟ್ರಾನ್‌ಗಳ ಮೇಲೂ ನೋಡಿದರು. 2022ರ ನೊಬೆಲ್ ಆಸ್ಪೆ, ಕ್ಲೌಸರ್, ಜೈಲಿಂಗರ್ ಮೂವರಿಗೆ ಬಂತು.

ದೊಡ್ಡಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾದ್ರೆ ಉತ್ತರ ಒಳಗೆ ಇರ್ಲಿಲ್ಲ. ಇಲ್ಲಾ ಅಂದ್ರೆ ಇಲ್ಲಿ ಕೇಳಿದ್ದು ಅಲ್ಲಿಗೆ ಗೊತ್ತಾಯ್ತು" ಅಂದರು.

ಜಗಳ ನಿಂತಿರುವುದೇ ಅಲ್ಲಿ. ಬೋರ್ ಹಾದಿಯವರು, ಅಳೆಯುವ ಮುಂಚೆ ಉತ್ತರದ ಮಾತೇ ಬೇಡ ಅನ್ನುತ್ತಾರೆ. 1952ರಲ್ಲಿ ಡೇವಿಡ್ ಬೋಮ್, ಕಣಕ್ಕೆ ಸದಾ ಒಂದು ಜಾಗ ಇದೆ, ಆದರೆ ದೂರದ್ದೂ ಅದನ್ನು ತಕ್ಷಣ ಮುಟ್ಟುತ್ತದೆ ಅಂದರು. 1957ರಲ್ಲಿ ಹ್ಯೂ ಎವರೆಟ್ ಎಲ್ಲ ಉತ್ತರಗಳೂ ನಡೆಯುತ್ತವೆ, ಜಗತ್ತೇ ಕವಲೊಡೆಯುತ್ತದೆ ಅನ್ನುವ ದಾರಿ ಹಿಡಿದರು. ಈ ಪ್ರಯೋಗಗಳಲ್ಲಿ ಮೂವರ ಲೆಕ್ಕವೂ ಒಂದೇ. ನನ್ನ ಒಲವು ಬೋಮ್ ಕಡೆಗೆ. ಕಷ್ಟವಾದ ವಿಷಯವನ್ನು ಮುಚ್ಚಿಡದೆ ಎದುರಿಗೆ ಇಟ್ಟರು ಅನ್ನುವುದಕ್ಕೆ.

ಆದರೆ "ಮನಸ್ಸು ನೋಡಿದರೆ ಜಗತ್ತು ಹುಟ್ಟುತ್ತದೆ" ಅನ್ನುವುದನ್ನು ಮಾತ್ರ ನಾನು ಒಪ್ಪಲಾರೆ. ವಿಯೆನ್ನಾದಲ್ಲಿ 70 ಕಾರ್ಬನ್ ಪರಮಾಣುಗಳ ಅಣುವನ್ನು ಸೀಳುಗಳ ಮೂಲಕ ಬಿಟ್ಟರು, ಅಲೆಯ ಪಟ್ಟಿ ಮೂಡಿತು. ಅಣುವನ್ನು ಚೆನ್ನಾಗಿ ಕಾಯಿಸಿ ಬಿಟ್ಟಾಗ ಪಟ್ಟಿ ಮಸುಕಾಗುತ್ತಾ ಹೋಯಿತು. 2004ರ ಫಲಿತಾಂಶ ಇದು. ಕಾದ ಅಣು ದಾರಿಯಲ್ಲಿ ಬೆಳಕು ಚೆಲ್ಲುತ್ತದೆ. ಆ ಬೆಳಕಿನಲ್ಲಿ ಅದು ಎಲ್ಲಿತ್ತು ಅನ್ನುವ ಗುರುತು ಉಳಿದುಬಿಡುತ್ತದೆ. ಆ ಬೆಳಕನ್ನು ಯಾರೂ ನೋಡಲಿಲ್ಲ. ಗುರುತು ಹೊರಗೆ ಬಿದ್ದಿದ್ದೇ ಸಾಕಾಯಿತು.

ಸೋಮವಾರ ಒಂದು ಹಿಡಿ ಬೇಳೆ ಕಾಗದದಲ್ಲಿ ಕಟ್ಟಿಕೊಂಡು ತರಗತಿಗೆ ಹೋದೆ. ಮೊದಲು ಆ ಹುಡುಗಿಯ ಹತ್ತಿರ ಕ್ಷಮೆ ಕೇಳಿದೆ. ಮುಕ್ಕಾಲು ಗಂಟೆ ಲೆಕ್ಕ ಹಾಕಿದೆವು. ಕೊನೆಗೆ ಯೂಟ್ಯೂಬಿನ ಹುಡುಗ ಎದ್ದು ನಿಂತ. "ಮೇಡಂ, ಯಾವ ಪ್ರಶ್ನೆ ಕೇಳ್ತಾರೆ ಅಂತ ಕಣಕ್ಕೆ ಮೊದಲೇ ಗೊತ್ತಿದ್ರೆ?"

ಇಂಥ ಪ್ರಶ್ನೆ ಹನ್ನೊಂದು ವರ್ಷದಲ್ಲಿ ನನಗೆ ಬಂದಿರಲಿಲ್ಲ. 2018ರಲ್ಲಿ ಜೈಲಿಂಗರ್ ತಂಡ ಲಾ ಪಾಲ್ಮಾ ದ್ವೀಪದಲ್ಲಿ ಎರಡು ದೂರದರ್ಶಕ ಇಟ್ಟುಕೊಂಡಿತು, ಯಾವ ಪ್ರಶ್ನೆ ಕೇಳಬೇಕು ಅನ್ನುವುದನ್ನು ಎರಡು ಕ್ವೇಸಾರ್‌ಗಳ, ಅಂದರೆ ಬಹು ದೂರದ ಗೆಲಾಕ್ಸಿಗಳ ಪ್ರಖರ ನಡುಭಾಗಗಳ, ಬೆಳಕಿಗೆ ಬಿಟ್ಟಿತು ಅಂತ ಹೇಳಿದೆ. ಒಂದರ ಬೆಳಕು ಹೊರಟು 780 ಕೋಟಿ ವರ್ಷ, ಇನ್ನೊಂದರದ್ದು 1,220 ಕೋಟಿ ವರ್ಷ. ಆಗ ಭೂಮಿಯೇ ಇರಲಿಲ್ಲ. ಆದರೂ ಫಲಿತಾಂಶ ಕ್ವಾಂಟಮ್ ಲೆಕ್ಕದ ಹಾಗೇ ಬಂತು.

"ಅದಕ್ಕಿಂತಾನೂ ಮುಂಚೆ ಗೊತ್ತಿದ್ರೆ?" ಅಂದ. ಗಂಟೆ ಹೊಡೆಯಿತು. ಯಾರೂ ಎದ್ದು ಹೋಗಲಿಲ್ಲ.