ಕೊನೆಯ ಪಾಳಿ ಮುಗಿದ ಮೇಲೆ ಡಯಾಲಿಸಿಸ್ ಯಂತ್ರಕ್ಕೆ ಆಗಬೇಕಾದ ಕೆಲಸ

ಗದಗಿನ ಡಯಾಲಿಸಿಸ್ ಘಟಕವೊಂದರಲ್ಲಿ ನಾನು ತಂತ್ರಜ್ಞ. ಹೋದ ವಾರ ಮುಂಡರಗಿ ಕಡೆಯ ಒಬ್ಬ ತಾಯಿ, ಮಗನ ಹಾಸಿಗೆಯ ಪಕ್ಕದಲ್ಲಿ ನಿಂತು ಕೇಳಿದರು: "ತಮ್ಮಾ, ಮಂದಿ ರಕ್ತ ಹೋದ ಮಷಿನ್ನ್ಯಾಗ ನನ್ನ ಮಗನ ರಕ್ತಾನೂ ಹೊಕ್ಕೈತೇನು?"

ಸರಿಯಾಗಿ ನಡೆಯುವಾಗ ರಕ್ತ ಯಂತ್ರದ ಒಳಗೆ ಹೋಗುವುದಿಲ್ಲ. ಅದು ಹೊರಗಿನ ಟ್ಯೂಬು ಮತ್ತು ರಕ್ತ ಸೋಸುವ ಡಯಾಲೈಸರ್‌ನಲ್ಲಿ ಹರಿದು ಮೈಗೆ ಮರಳುತ್ತದೆ. ಯಂತ್ರದೊಳಗೆ ಹರಿಯುವುದು ರಕ್ತದ ಕಲ್ಮಶವನ್ನು ಹೀರಿಕೊಳ್ಳುವ ಡಯಾಲಿಸೇಟ್ ದ್ರಾವಣ, ನಿಮಿಷಕ್ಕೆ 500 ಮಿಲಿಲೀಟರಿನಂತೆ ನಾಲ್ಕು ತಾಸಿಗೆ 120 ಲೀಟರು. ಅದಕ್ಕೂ ರಕ್ತಕ್ಕೂ ನಡುವೆ ಇರುವುದು ಒಂದು ತೆಳುವಾದ ಪೊರೆ ಮಾತ್ರ. ಆ ಪೊರೆಯನ್ನು ಇಡೀ ಬ್ಯಾಕ್ಟೀರಿಯಾ ದಾಟಲಾರದಾದರೂ, ಅದರಿಂದ ಹೊರಬೀಳುವ ಎಂಡೋಟಾಕ್ಸಿನ್ ಎಂಬ ವಿಷದ ಚೂರುಗಳು ದಾಟಬಲ್ಲವು; ಹಾಗಾದಾಗ ರೋಗಿಗೆ ಚಳಿ, ನಡುಕ, ಜ್ವರ ಬರುತ್ತವೆ. ಆದ್ದರಿಂದ ಕಣ್ಣಿಗೆ ಕಾಣದ ಆ ಒಳದಾರಿಯ ಸ್ವಚ್ಛತೆಯೇ ನನ್ನ ಕೆಲಸದ ಅತಿ ಮುಖ್ಯ ಭಾಗವೆಂದು ನಾನು ತಿಳಿದಿದ್ದೇನೆ.

ಶಾಖದ ಸೋಂಕುನಿವಾರಣೆಯಲ್ಲಿ ಯಂತ್ರವೇ ನೀರನ್ನು 80 ಡಿಗ್ರಿ ಸೆಲ್ಸಿಯಸ್ ದಾಟಿಸಿ ಒಳಗೆಲ್ಲ ಸುತ್ತಿಸುತ್ತದೆ. ಇಲ್ಲಿ ಉಷ್ಣತೆಯಷ್ಟೇ ಸಮಯವೂ ಲೆಕ್ಕಕ್ಕೆ ಬರುತ್ತದೆ: 80 ಡಿಗ್ರಿಯಲ್ಲಿ 10 ನಿಮಿಷಕ್ಕೆ ಸಿಗುವ ಪರಿಣಾಮ 90 ಡಿಗ್ರಿಯಲ್ಲಿ 1 ನಿಮಿಷಕ್ಕೇ ಸಿಗುತ್ತದೆಂದು ಲೆಕ್ಕ ಹಾಕುತ್ತಾರೆ. ನಡುವೆ ಕರೆಂಟು ಹೋಗಿ ಸುತ್ತು ನಿಂತಿತೆಂದರೆ ನಾನು ಮತ್ತೆ ಮೊದಲಿನಿಂದ ಆರಂಭಿಸುತ್ತೇನೆ.

ಆದರೆ ಶಾಖ ಕೊಲ್ಲುತ್ತದೆಯೇ ಹೊರತು ತೊಳೆಯುವುದಿಲ್ಲ. ಯಂತ್ರದೊಳಗೆ ಕೂರುವ ಬಿಳಿ ಪದರಕ್ಕೆ ನಮ್ಮ ಕಡೆಯ ಸವಳು ನೀರೇ ಕಾರಣವೆಂದು ಹಲವರು ಹೇಳುತ್ತಾರೆ. ಆರ್‌ಓ (ನೀರು ಶುದ್ಧೀಕರಿಸುವ ಘಟಕ) ಸರಿಯಾಗಿದ್ದರೆ ಅದು ನಿಜವಲ್ಲ, ಡಯಾಲಿಸೇಟ್‌ನಲ್ಲೇ ಇರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಸೇರಿ ಆ ಪದರ ಕಟ್ಟುತ್ತದೆ. ಅದರ ಮರೆಯಲ್ಲಿ ಬ್ಯಾಕ್ಟೀರಿಯಾ ಬದುಕುತ್ತದೆ. ಅದನ್ನು ಕರಗಿಸಲು ಬಿಸಿ ನೀರಿನೊಂದಿಗೆ ಸಿಟ್ರಿಕ್ ಆಸಿಡ್ ಬೇಕು. ರೋಗಿಯ ಮೈಯಿಂದ ಬಂದ ಪ್ರೋಟೀನು, ಜಿಡ್ಡುಗಳನ್ನು ತೆಗೆಯಲು ಹೈಪೋ, ಅಂದರೆ ಸೋಡಿಯಂ ಹೈಪೋಕ್ಲೋರೈಟ್ ಎಂಬ ಬ್ಲೀಚ್ ದ್ರಾವಣ ಬೇಕು. ಇವೆರಡರ ನಡುವೆ ಪೂರ್ತಿ ರಿನ್ಸ್ (ಬರೀ ನೀರು ಹರಿಸಿ ತೊಳೆಯುವುದು) ಆಗಲೇಬೇಕು, ಏಕೆಂದರೆ ಹೈಪೋ ಮತ್ತು ಆಸಿಡ್ ಕೂಡಿದರೆ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ. ಇನ್ನು ಹೈಪೋ ಯಂತ್ರದಲ್ಲಿ ಉಳಿದು ರೋಗಿಯ ರಕ್ತಕ್ಕೆ ಸೇರಿತೆಂದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ರಿನ್ಸ್ ಆದ ಮೇಲೆ, ಹೈಪೋ ಉಳಿದಿದ್ದರೆ ಬಣ್ಣ ಬದಲಿಸುವ ಟೆಸ್ಟ್ ಸ್ಟ್ರಿಪ್ ಅದ್ದಿ ನೋಡುವುದು ಈ ಕಾರಣಕ್ಕೆ.

ನಾನು ಮೊದಲು ಕೆಲಸ ಮಾಡಿದ ಒಂದು ಕಡೆ ಮೂರನೆಯ ಪಾಳಿ ಮುಗಿಯುವಾಗ ರಾತ್ರಿ ಹತ್ತು ದಾಟಿರುತ್ತಿತ್ತು. ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪಬಾರದೆಂದು ಶಾಖದ ಸುತ್ತು ಬಿಟ್ಟು, ಬರೀ ರಿನ್ಸ್ ಕೊಟ್ಟು ಯಂತ್ರ ಬಂದ್ ಮಾಡುತ್ತಿದ್ದರು. ಹೊಸಬನಾದ ನಾನೂ ಸುಮ್ಮನಿದ್ದೆ. ಒಂದು ಸೋಮವಾರ ಮೊದಲ ಪಾಳಿಯಲ್ಲಿ, ಡಯಾಲಿಸಿಸ್ ಆರಂಭವಾಗಿ ಒಂದು ತಾಸಿನೊಳಗೆ ವಯಸ್ಸಾದ ರೋಗಿಯೊಬ್ಬರು ಹಲ್ಲು ಕಟಕಟಿಸುವಂತೆ ನಡುಗತೊಡಗಿದರು. ಎರಡು ಕಂಬಳಿ ಹೊದಿಸಿ, ಇಂಜೆಕ್ಷನ್ ಕೊಟ್ಟು ಅವರನ್ನು ಸುಧಾರಿಸಲಾಯಿತು. ಯಂತ್ರದಿಂದಾಗಲಿ ನೀರಿನಿಂದಾಗಲಿ ಸ್ಯಾಂಪಲ್ ತೆಗೆದು ಪರೀಕ್ಷೆಗೆ ಕಳಿಸುವ ಕೆಲಸವನ್ನು ಮಾತ್ರ ಯಾರೂ ಮಾಡಲಿಲ್ಲ. ನಾನು ಅದನ್ನು ಕೇಳಬೇಕಿತ್ತು, ಕೇಳಲಿಲ್ಲ ಎಂಬ ನೋವು ಇಂದಿಗೂ ಇದೆ.

ಯಂತ್ರದ ಜೊತೆಗೆ ಆರ್‌ಓದಿಂದ ಹಾಸಿಗೆಗಳವರೆಗೆ ಬರುವ ಪೈಪೂ ಇದೆ. ಪಿವಿಸಿ ಪೈಪು ಅಷ್ಟು ಬಿಸಿ ತಾಳುವುದಿಲ್ಲವಾದ್ದರಿಂದ ಅದಕ್ಕೆ ಪೆರಾಸಿಟಿಕ್ ಆಸಿಡ್‌ನಂಥ ರಾಸಾಯನಿಕವೇ ಗತಿ, ಮತ್ತು ಆಗಲೂ ಉಳಿಕೆಯ ಪರೀಕ್ಷೆ ತಪ್ಪದು. ನೀರು ನಿಂತುಬಿಡುವ ಮೂಲೆಗಳಿದ್ದರೆ ಅಲ್ಲಿ ಲೋಳೆ ಕಟ್ಟುತ್ತದೆ. ಒಮ್ಮೆ ಕಟ್ಟಿದ ಲೋಳೆಯನ್ನು ಕೀಳುವುದು ಬಹಳ ಕಷ್ಟ.

ಇಷ್ಟನ್ನೂ ಆ ತಾಯಿಗೆ ಅವರದೇ ಮಾತಿನಲ್ಲಿ ಹೇಳಿದೆ. ಹಿಂದಿನ ರಾತ್ರಿ ಆ ಯಂತ್ರಕ್ಕೆ ಹೈಪೋ ಹಾಕಿದ್ದರಿಂದ, ಮಗನಿಗೆ ಲೈನ್ ಜೋಡಿಸುವ ಮೊದಲು ಬಣ್ಣ ಬದಲಾಗದ ಸ್ಟ್ರಿಪ್ಪನ್ನು ಅವರ ಕೈಗೇ ಕೊಟ್ಟು ತೋರಿಸಿದೆ.